ಕರೆಂಟ್ ಬಂತು, ಸರ್ವರ್ ಬರಲಿಲ್ಲ

ವಸಂತನರಸಾಪುರದ ಪ್ಲಾಂಟ್‌ನಲ್ಲಿ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಉಳಿದ ಸರ್ವರ್‌ಗಳೆಲ್ಲ ಎದ್ದವು. ಇಆರ್‌ಪಿ (ಕಂಪನಿಯ ಸ್ಟಾಕ್, ಬಿಲ್ ಸಾಫ್ಟ್‌ವೇರ್) ಡೇಟಾ ಇದ್ದ ಹಳೇ ಲಿನಕ್ಸ್ ಬಾಕ್ಸ್ ಮಾತ್ರ ‘ಚೆಕ್ ಫೋರ್ಸ್ಡ್’ (ಫೈಲ್‌ಸಿಸ್ಟಮ್‌ನ ಕಡ್ಡಾಯ ತಪಾಸಣೆ) ಎಂದು ಬರೆದು ಪರ್ಸೆಂಟ್ ಎಣಿಸುತ್ತಾ ಕೂತಿತು. ಹನ್ನೊಂದು ಪರ್ಸೆಂಟ್, ಹನ್ನೊಂದೂವರೆ. ಇಆರ್‌ಪಿ ಇಲ್ಲದೆ ಗೇಟ್ ಪಾಸ್ ಇಲ್ಲ, ಗೇಟ್ ಪಾಸ್ ಇಲ್ಲದೆ ಲಾರಿಗಳು ಹೊರಡುವಂತಿಲ್ಲ.

‘ಜರ್ನಲ್ ಇದೆಯಲ್ರೀ, ಇನ್ಯಾಕೆ ಚೆಕ್ಕು? ರೀಸೆಟ್ ಒತ್ರೀ’ ಎಂದು ಮ್ಯಾನೇಜರ್. ಜರ್ನಲ್ ಅಂದರೆ ಬದಲಾವಣೆಗಳನ್ನು ಫೈಲ್‌ಸಿಸ್ಟಮ್ ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ.

ಒತ್ತಬಾರದು. ಚೆಕ್ ಪೂರ್ತಿ ಮುಗಿದರಷ್ಟೇ ‘ಲಾಸ್ಟ್ ಚೆಕ್ಡ್’ ದಿನಾಂಕ ಬದಲಾಗುತ್ತದೆ; ಮಧ್ಯೆ ಕಿತ್ತರೆ ಮತ್ತೆ ಸೊನ್ನೆಯಿಂದ. ರಿಪೇರಿ ಬರೆಯುವ ಹೊತ್ತಿಗೇ ಕಿತ್ತರೆ ಇನ್ನೂ ಕಷ್ಟ.

ಜರ್ನಲ್ ಸರಿಮಾಡುವುದು ಅರ್ಧಕ್ಕೆ ನಿಂತ ಬರಹವನ್ನು. ಅದು ಸೆಕೆಂಡುಗಳ ಕೆಲಸ, ಆಗಲೇ ಮುಗಿದಿತ್ತು. ಡಿಸ್ಕ್, ರ‍್ಯಾಮ್, ಕರ್ನಲ್ ಬಗ್‌ನಿಂದ ಕೆಟ್ಟದ್ದು ಅದಕ್ಕೆ ಕಾಣುವುದಿಲ್ಲ. ಇಲ್ಲಿ ನಡೆಯುತ್ತಿದ್ದುದು ಅವಧಿ ಮೀರಿದ್ದಕ್ಕೆ ಬಂದ ಪೂರ್ತಿ ಚೆಕ್. ಲಿನಕ್ಸ್‌ನ ಇಎಕ್ಸ್‌ಟಿ ಬಗೆಯ ಫೈಲ್‌ಸಿಸ್ಟಮ್ ಸೃಷ್ಟಿಸುವ ಕಮಾಂಡ್, ಹಳೆಯ ಎಂಕೆಇ2ಎಫ್‌ಎಸ್, 180 ದಿನದ ಗಡುವು, ಜೊತೆಗೆ ಒಂದು ಮೌಂಟ್ ಮಿತಿ (ಇಷ್ಟು ಸಲ ಮೌಂಟ್ ಆದ ಮೇಲೆ ಚೆಕ್) ಹಾಕಿಬಿಡುತ್ತಿತ್ತು, ಆ ಕಮಾಂಡ್‌ಗಳ ಪ್ಯಾಕೇಜ್ ಇ2ಎಫ್‌ಎಸ್‌ಪ್ರಾಗ್ಸ್ 1.42ರಿಂದ ಅದು ಡೀಫಾಲ್ಟ್ ಅಲ್ಲ. ಆದರೆ ಈ ಸೆಟ್ಟಿಂಗ್ ಕೂತಿರುವುದು ಸೂಪರ್‌ಬ್ಲಾಕ್‌ನಲ್ಲಿ, ಅಂದರೆ ಡಿಸ್ಕ್ ಮೇಲೇ ಇರುವ ಫೈಲ್‌ಸಿಸ್ಟಮ್‌ನ ಸ್ವಂತ ದಾಖಲೆಯಲ್ಲಿ. ಓಎಸ್ ಎಷ್ಟು ಸಲ ಅಪ್‌ಗ್ರೇಡ್ ಮಾಡಿದರೂ ಹಳೇ ವಾಲ್ಯೂಮ್ ಹಳೇ ಗಡುವನ್ನೇ ಹೊತ್ತುಕೊಂಡು ಬರುತ್ತದೆ. ವರ್ಷಗಟ್ಟಲೆ ರೀಬೂಟ್ ಕಾಣದ ಸರ್ವರ್‌ಗೆ ಆ ಗಡುವು ವಸೂಲಾಗುವುದು ಕರೆಂಟ್ ಹೋದ ದಿನವೇ.

ಈ ಸೆಟ್ಟಿಂಗ್ ನೋಡುವ, ಬದಲಿಸುವ ಕಮಾಂಡ್ ಟ್ಯೂನ್2ಎಫ್‌ಎಸ್ (ಇದರ ಆಪ್ಷನ್‌ಗಳೆಲ್ಲ ಸ್ಮಾಲ್ ಲೆಟರ್). -ಎಲ್ ಕೊಟ್ಟು ‘ಮ್ಯಾಕ್ಸಿಮಮ್ ಮೌಂಟ್ ಕೌಂಟ್’, ‘ಚೆಕ್ ಇಂಟರ್ವಲ್’ ನೋಡಿ. ತೆಗೆಯಲು -ಸಿ 0 -ಐ 0. ಇದರ ಬದಲು ಎಫ್‌ಎಸ್‌ಟ್ಯಾಬ್‌ನ (ಬೂಟ್‌ನಲ್ಲಿ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ) ಆರನೇ ಕಾಲಂಗೆ ಸೊನ್ನೆ ಬರೆಯುವವರಿದ್ದಾರೆ, ಅದು ತಪ್ಪು. ಎರರ್ ಗುರುತು ಬಿದ್ದಿದ್ದರೂ ಆಗ ಬೂಟ್‌ನಲ್ಲಿ ಚೆಕ್ ಆಗುವುದಿಲ್ಲ. ರೂಟ್‌ಗೆ 1, ಉಳಿದದ್ದಕ್ಕೆ 2 ಇರಲಿ. ಟ್ಯೂನ್2ಎಫ್‌ಎಸ್‌ನಲ್ಲೇ -ಇ ರೀಮೌಂಟ್-ಆರ್‌ಒ ಕೂಡ ಹಾಕಿ, ಎರರ್ ಕಂಡರೆ ಓದಲಷ್ಟೇ ಬಿಡುತ್ತದೆ. ಡೀಫಾಲ್ಟ್ ‘ಕಂಟಿನ್ಯೂ’ ಇದ್ದರೆ ಕೆಟ್ಟ ಫೈಲ್‌ಸಿಸ್ಟಮ್ ಮೇಲೇ ಬರೆಯುತ್ತಾ ಹೋಗುತ್ತದೆ.

ಗಡುವು ತೆಗೆದ ಮೇಲೆ ಚೆಕ್ ನಮ್ಮ ತಲೆ ಮೇಲೆ. ಶಟ್‌ಡೌನ್ ಭಾನುವಾರ ಆ ಒಂದು ಬೂಟ್‌ಗೆ ಮಾತ್ರ ಕರ್ನಲ್ ಲೈನ್‌ನಲ್ಲಿ (ಬೂಟ್ ಮೆನುವಿನಲ್ಲಿ ಕರ್ನಲ್‌ಗೆ ಕೊಡುವ ಸಾಲು) ಎಫ್‌ಎಸ್‌ಸಿಕೆ.ಮೋಡ್=ಫೋರ್ಸ್ ಕೊಡಿ. ಎಲ್‌ವಿಎಂ (ಡಿಸ್ಕ್ ಜಾಗ ಒಟ್ಟುಗೂಡಿಸಿ ಹಂಚುವ ವ್ಯವಸ್ಥೆ) ಇದ್ದು ವಿಜಿಯಲ್ಲಿ, ಅಂದರೆ ಆ ಒಟ್ಟು ಜಾಗದಲ್ಲಿ, 256 ಎಂಬಿ ಖಾಲಿ ಇದ್ದರೆ, ಇ2ಸ್ಕ್ರಬ್ ಎಂಬ ಕಮಾಂಡ್ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಮೇಲೆ ನೋಡುತ್ತದೆ, ಸರ್ವರ್ ನಿಲ್ಲಿಸಬೇಕಿಲ್ಲ.

ಲಿನಕ್ಸ್‌ನ ಇನ್ನೊಂದು ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್‌ಗೆ ಇದ್ಯಾವುದೂ ಇಲ್ಲ. ಅದರ ಚೆಕ್ ಕಮಾಂಡ್ ಎಫ್‌ಎಸ್‌ಸಿಕೆ.ಎಕ್ಸ್‌ಎಫ್‌ಎಸ್ ಮಾಮೂಲಿ ಬೂಟ್‌ನಲ್ಲಿ ಏನೂ ಮಾಡದೆ ಸರಿ ಎಂದು ವಾಪಸ್ ಬರುತ್ತದೆ. ಅನ್‌ಮೌಂಟ್ ಮಾಡಿ ಎಕ್ಸ್‌ಎಫ್‌ಎಸ್_ರಿಪೇರ್ -ಎನ್ (ನೋಡುವುದಷ್ಟೇ, ಬದಲಿಸುವುದಿಲ್ಲ) ನಾವೇ ಓಡಿಸಬೇಕು. ಲಾಗ್ (ಎಕ್ಸ್‌ಎಫ್‌ಎಸ್‌ನ ಜರ್ನಲ್) ಬಾಕಿ ಇದೆ ಎಂದರೆ ಮೊದಲು ಮೌಂಟ್ ಮಾಡಿ ನೋಡಿ. ಗಡಿಬಿಡಿಯಲ್ಲಿ ಕ್ಯಾಪಿಟಲ್ ಎಲ್ ಒತ್ತಿದರೆ ಆ ಲಾಗ್ ಹೋದಹಾಗೇ.