ಈ ಸಲ ಹುಳ ಇರೋ ತೋಟನೇ ತೋರ್ಸಿದ್ರು

ರೈತರನ್ನ ಬಸ್ಸಲ್ಲಿ ಕರ್ಕೊಂಡು ಹೋಗಿ ತೋಟ ತೋರ್ಸೋ ಟ್ರಿಪ್ ನಮ್ ಕೋಲಾರದ ಕಡೆ ಹೊಸದೇನಲ್ಲ. ಬೋರ್ಡ್ ಮುಂದೆ ಒಂದು ಗ್ರೂಪ್ ಫೋಟೋ, ನೆರಳಲ್ಲಿ ಭಾಷಣ, ಪಲಾವ್, ವಾಪಸ್. ಅದೂ ಮಾರ್ಚ್ ತಿಂಗಳಲ್ಲಿ ದುಡ್ಡು ಖರ್ಚಾಗ್ಬೇಕು ಅಂತ ಕರ್ಕೊಂಡು ಹೋದ್ರಂತೂ ಕಟಾವಾಗಿರೋ ತೋಟ ನೋಡ್ಕೊಂಡು ಬರ್ಬೇಕು. ಹಂಗಾಗಿ ಸಮಗ್ರ ಕೀಟ ನಿರ್ವಹಣೆ, ಅಂದ್ರೆ ಔಷಧಿ ಕಮ್ಮಿ ಮಾಡಿ ಬೇರೆ ಉಪಾಯನೂ ಸೇರ್ಸಿ ಹುಳ ಹತೋಟಿಗೆ ತರೋದನ್ನ ನೋಡೋಕೆ ಅಪ್ಪನ ಜೊತೆ ಮಾಲೂರು ಕಡೆ ಎಲೆಕೋಸು ತೋಟಕ್ಕೆ ಹೊರಟಾಗ ನಂಗೇನೂ ಆಸೆ ಇರ್ಲಿಲ್ಲ, ಆದ್ರೆ ಹೋಗಿ ನೋಡಿದ್ರೆ ಕೋಸು ಆಗಷ್ಟೇ ಗಡ್ಡೆ ಕಟ್ತಾ ಇತ್ತು, ಹುಳನೂ ಬೇಕಾದಷ್ಟಿತ್ತು.

ಹುಳ ಇದ್ದಿದ್ದು ಕೋಸಲ್ಲಲ್ಲ, ಸಾಸಿವೇಲಿ. ಪ್ರತಿ 25 ಸಾಲು ಕೋಸಿಗೆ ಅಕ್ಕಪಕ್ಕ ಎರಡು ಸಾಲು ಸಾಸಿವೆ ಹಾಕಿದ್ರು, ಅದರ ಎಲೆ ಎಲ್ಲಾ ಜರಡಿ ಆಗಿತ್ತು, ಪಕ್ಕದಲ್ಲೇ ಕೋಸು ಹೆಚ್ಚುಕಮ್ಮಿ ಕ್ಲೀನ್. ಇದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಷ್ಟೋ ವರ್ಷದ ಹಿಂದೆ ಹೇಳ್ಕೊಟ್ಟ ವಿಧಾನ. ಕೋಸು ತಿನ್ನೋ ವಜ್ರಬೆನ್ನಿನ ಪತಂಗಕ್ಕೆ ಸಾಸಿವೆ ಅಂದ್ರೆ ಜಾಸ್ತಿ ಇಷ್ಟ, ಹೋಗಿ ಅಲ್ಲೇ ಮೊಟ್ಟೆ ಇಡುತ್ತೆ. ಒಂದು ಸಾಲು ಸಾಸಿವೆ ಕೋಸು ನಾಟಿಗಿಂತ ಸುಮಾರು 15 ದಿನ ಮುಂಚೆ ಬಿತ್ತಬೇಕು, ಇನ್ನೊಂದು ನಾಟಿ ಆಗಿ 25 ದಿನಕ್ಕೆ, ಯಾಕಂದ್ರೆ ಮೊದಲನೇದು ಬೇಗ ಬಲಿತು ಮುಗಿದೋಗುತ್ತೆ, ಆಮೇಲೆ ಹುಳ ಕೋಸಿಗೇ ಬರುತ್ತೆ. ನಮ್ಮೂರಿನ ಒಬ್ರು "ಹುಳನ ನಾವೇ ಕರೆದು ಊಟ ಹಾಕ್ದಂಗಾಯ್ತಲ್ಲ ಮೇಡಂ" ಅಂದ್ರು, ಎಲ್ರೂ ನಕ್ಕರು. ತೋಟ ತೋರ್ಸಿ ವಿವರ ಹೇಳ್ತಿದ್ದ ಮೇಡಮ್ಮೂ ನಕ್ಕು, "ಊಟ ಹಾಕಿ ಅಲ್ಲೇ ಔಷಧಿ ಹೊಡೀರಿ, ತೋಟಕ್ಕೆಲ್ಲಾ ಯಾಕೆ" ಅಂದ್ರು. ಇದನ್ನ ಸಾವಯವ ಅಂದ್ಕೊಂಡು ಬಂದಿದ್ದವ್ರಿಗೆ ಅಲ್ಲೇ ಗೊತ್ತಾಯ್ತು, ಸಮಗ್ರ ಕೀಟ ನಿರ್ವಹಣೇಲಿ ಔಷಧಿನೂ ಇದೆ, ಕೊನೇಲಿದೆ ಅಷ್ಟೆ.

ನಂಗೆ ತುಂಬಾ ಹಿಡಿಸಿದ್ದು ಇನ್ನೊಂದು. ತೋಟದ ಯಜಮಾನ್ರು ಒಂದು ಕೋಸಿನ ಎಲೆ ತಿರುಗಿಸಿ ಅಕ್ಕಿ ಕಾಳಿಗಿಂತ ಚಿಕ್ಕದಾಗಿ ಬೆಳ್ಳಗೆ ಅಂಟಿಕೊಂಡಿದ್ದನ್ನ ತೋರ್ಸಿ "ಇದೇನು ಹೇಳಿ" ಅಂದ್ರು. ಅರ್ಧ ಜನ ಹುಳದ ಮೊಟ್ಟೆ ಅಂದ್ರು, ಅಪ್ಪನೂ ಅದನ್ನೇ ಅಂದ್ರು. ಅದು ಕೊಟೇಸಿಯಾ ಅನ್ನೋ ಸಣ್ಣ ಕಣಜದ ಹುಳದ ಗೂಡಂತೆ, ಅದರ ಮರಿ ಕೋಸು ತಿನ್ನೋ ಹುಳದ ಹೊಟ್ಟೆ ಒಳಗೆ ಬೆಳೆದು ಹೊರಗೆ ಬಂದು ಈ ಗೂಡು ಕಟ್ಟುತ್ತೆ, ಹುಳ ಅಲ್ಲಿಗೆ ಸತ್ತಂಗೆ. "ಇದನ್ನ ನೋಡಿ ಮೊಟ್ಟೆ ಅಂತ ಅಂಗಡಿಗೆ ಓಡಿ ಔಷಧಿ ತಂದು ಹೊಡೆದ್ರೆ ಮೊದಲು ಸಾಯೋದು ಇದೇ" ಅಂದ್ರು. ವಜ್ರಬೆನ್ನಿನ ಹುಳಕ್ಕೆ ಔಷಧಿಗೆ ಒಗ್ಗಿಕೊಳ್ಳೋದು ಅಂದ್ರೆ ಸುಲಭ, 1990ರಲ್ಲೇ ಹವಾಯಿಯಲ್ಲಿ ಬಿಟಿ ಅನ್ನೋ ಬ್ಯಾಕ್ಟೀರಿಯಾದಿಂದ ಮಾಡೋ ಸ್ಪ್ರೇಗೂ ಬಗ್ಗದ ಹುಳ ಹೊಲದಲ್ಲೇ ಸಿಕ್ಕಿತ್ತು. ಆದ್ರೂ ಹುಳ ಸಾಯ್ಲಿಲ್ಲ ಅಂದ್ರೆ ಅಂಗಡಿಯವ್ರು ಕೊಡೋದು ಇನ್ನೊಂದು ಬಾಟಲೀನೇ.

ಆಮೇಲೆ ಪಕ್ಕದ ಟೊಮೇಟೊ ತೋಟದಲ್ಲಿ 16 ಸಾಲಿಗೊಂದು ಚೆಂಡು ಹೂವಿನ ಸಾಲು, ಕಾಯಿ ಕೊರೆಯೋ ಹುಳನ ಅದರ ಕಡೆ ಸೆಳೆಯೋಕೆ. ಟೊಮೇಟೊ ಸಸಿ 25 ದಿನದ್ದಾದ್ರೆ ಚೆಂಡು ಹೂವಿನ ಸಸಿ 40 ದಿನ ದಾಟಿರ್ಬೇಕು, ಎರಡೂ ಒಟ್ಟಿಗೆ ಹೂ ಬಿಡೋ ಹಂಗೆ. ಹೂ ಮಾರಿದ್ರೆ ಕಾಸೂ ಬರುತ್ತೆ, ಅಲ್ಲಿ ಯಾರೂ ಹೆಚ್ಚು ಪ್ರಶ್ನೆ ಕೇಳ್ಲಿಲ್ಲ.

ಜಗಳ ಶುರುವಾಗಿದ್ದು ಊಟಕ್ಕೆ ಕೂತಾಗ. ನಾನೊಬ್ಬ ಔಷಧಿ ಕಮ್ಮಿ ಮಾಡಿದ್ರೆ ಪಕ್ಕದವನು ಹೊಡೆದಿದ್ದು ಗಾಳೀಲಿ ಬಂದು ನನ್ ಕಣಜ ಸಾಯಲ್ವಾ, ಮಂಡೀಲಿ ಔಷಧಿ ಕಮ್ಮಿ ಹೊಡೆದ ಕೋಸಿಗೆ ಒಂದು ರೂಪಾಯಿ ಜಾಸ್ತಿ ಕೊಡ್ತಾರಾ, ಎಲೇಲಿ ಒಂದು ತೂತಿದ್ರೆ ಸಾಕು ಪಕ್ಕಕ್ಕೆ ಎಸೀತಾರೆ, ಹಿಂಗೆ. ಮೇಡಂ ಹತ್ರ ಎರಡನೇದಕ್ಕೆ ಉತ್ತರ ಇರ್ಲಿಲ್ಲ, ಇಲ್ಲ ಅಂತ ಒಪ್ಕೊಂಡ್ರು. ಮೊದಲನೇದಕ್ಕೆ ಮಾತ್ರ, ಒಂದೇ ಕಡೆ ತೋಟ ಇರೋರು ನಾಲ್ಕು ಜನ ಸೇರಿ ಮಾಡಿ ಅಂದ್ರು.

ನಮ್ ಪಕ್ಕದ ತೋಟದವ್ರು ಅದೇ ಬಸ್ಸಲ್ಲಿದ್ರು. ವಾಪಸ್ ಬರ್ತಾ ಅಪ್ಪ ಅವ್ರ ಪಕ್ಕ ಹೋಗಿ ಕೂತು "ಈ ಸಲ ಇಬ್ರೂ ಸಾಸಿವೆ ಹಾಕಣ ಕಣಪ್ಪ" ಅಂದ್ರು. ಅವ್ರು ಕಿಟಕಿ ಆಚೆ ನೋಡ್ಕೊಂಡು, "ಫಸ್ಟ್ ನೀನು ಅರ್ಧ ಎಕರೆ ಹಾಕಣ್ಣ, ನಾನು ದಿನಾ ಬಂದು ನೋಡ್ತೀನಿ" ಅಂದ್ರು.