ಕೆಳಗೆ ಹನಿಯೂ ಇಲ್ಲ, ಡಬ್ಬಿಯಲ್ಲಿ ನೀರೂ ಇಲ್ಲ

ಶನಿವಾರ, 16 ಮಾರ್ಚ್ 2024
ಹುಬ್ಬಳ್ಳಿ

ಕಾರಿನ ಎಂಜಿನ್ ತಣ್ಣಗಿಡುವ ನೀರು ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಇವತ್ತು ಗೊತ್ತಾಯಿತು. ಸಿಟ್ಟೂ ಬಂದಿದೆ, ನಗುವೂ ಬರುತ್ತಿದೆ. ಬರೆದಿಟ್ಟೇ ಮಲಗುತ್ತೇನೆ.

ಸಂಕ್ರಾಂತಿ ಆದಾಗಿನಿಂದ ಈ ಕಾಟ. ಬಾನೆಟ್ ಎತ್ತಿದರೆ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದಲ್ಲ, ಮೇಲೊಂದು ಗೆರೆ, ಕೆಳಗೊಂದು ಗೆರೆ. ಮೇಲಿನ ಗೆರೆಯವರೆಗೆ ತುಂಬಿಸಿದರೆ ವಾರ ಕಳೆಯುವಷ್ಟರಲ್ಲಿ ಹಸಿರು ನೀರು ಕೆಳಗಿನ ಗೆರೆಯ ಹತ್ತಿರ. ಕಾರಿನ ಕೆಳಗೆ ಬಗ್ಗಿ ನೋಡಿದರೆ ಒಣ ನೆಲ. ರಾತ್ರಿಯೆಲ್ಲ ರಟ್ಟು ಹಾಸಿಟ್ಟು ನೋಡಿದೆ. ಬೆಳಿಗ್ಗೆ ರಟ್ಟಿನ ಮೇಲೆ ಬೆಕ್ಕಿನ ಹೆಜ್ಜೆ ಇತ್ತು, ಹನಿ ಇರಲಿಲ್ಲ. ಟೆಂಪರೇಚರ್ ಮುಳ್ಳು ನಡುವಿನಲ್ಲೇ ನಿಂತಿರುತ್ತದೆ, ಅಲ್ಲಾಡುವುದಿಲ್ಲ. ದಳದಳ ಸೋರಿದ್ದರೆ ಇಷ್ಟು ಚಿಂತೆ ಆಗುತ್ತಿರಲಿಲ್ಲ. ಎಲ್ಲಿ ಸೋರುತ್ತದೋ ಅಲ್ಲಿ ಕೈ ಇಡಬಹುದು.

ಯುಗಾದಿ ಏಪ್ರಿಲ್ 9ಕ್ಕೆ. ಅಂಕೋಲೆಗೆ ಹೋಗಲೇಬೇಕು, ಅತ್ತೆಯವರ ಆರೋಗ್ಯ ನಿಮಗೆ ಗೊತ್ತೇ ಇದೆ. ಹೋಗುವಾಗ ಚಿಂತೆ ಇಲ್ಲ. ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟ್ ಇಳಿಜಾರು. ಬರುವಾಗ ಅದೇ ಘಾಟ್ ಹತ್ತಬೇಕು. ಮುಂದೆ ಲೋಡು ತುಂಬಿದ ಲಾರಿ, ನಾವು ಸೆಕೆಂಡ್ ಗೇರಿನಲ್ಲಿ ಅದರ ಹಿಂದೆ, ಹೊರಗೆ ಏಪ್ರಿಲ್ ಬಿಸಿಲು. ಅಲ್ಲಿ ನೀರು ಕೈಕೊಟ್ಟರೆ? ಹದಿನೈದು ದಿನದಿಂದ ರಾತ್ರಿ ಎಚ್ಚರವಾದಾಗೆಲ್ಲ ಆ ತಿರುವುಗಳೇ ಕಣ್ಣ ಮುಂದೆ.

ಸಲಹೆಗಳಿಗೆ ಬರ ಇಲ್ಲ. ನೀರಿಗೆ ಬರ ಇರುವ ವರ್ಷದಲ್ಲಿ ಅದೊಂದು ಧಾರಾಳ. ಸ್ಟಾಫ್ ರೂಮಿನಲ್ಲಿ ಒಬ್ಬರು "ಬ್ಯಾಸಿಗಿ ಐತಲ್ರಿ, ಆವಿ ಆಗ್ತಿರಬಹುದು ಬಿಡ್ರಿ" ಎಂದರು. ವಿಜ್ಞಾನದ ಮೇಷ್ಟ್ರು ಅವರು! ಮುಚ್ಚಿದ ವ್ಯವಸ್ಥೆಯಿಂದ ವಾರಕ್ಕೆ ಇಷ್ಟು ಆವಿ ಹೇಗೆ ಹೋಗುತ್ತದೆ? ಬಾಜೂ ಮನೆಯ ಮಾಮಾ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರದು ಒಂದೇ ಔಷಧ. "ರೇಡಿಯೇಟರ್‌ನ್ಯಾಗ ಎರಡು ಚಮಚ ಅರಿಶಿಣ ಪುಡಿ ಹಾಕಿ ಗಾಡಿ ಚಾಲೂ ಮಾಡು ತಮ್ಮಾ, ತೂತು ತಾನ ಮುಚ್ಚತೈತಿ." ಸುಳ್ಳಲ್ಲ. ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಎಂಜಿನ್ನಿನ ಬಿಸಿ ನೀರು ತಣಿಸುವ ರೇಡಿಯೇಟರ್ ಕೈಕೊಟ್ಟಾಗ ಡ್ರೈವರುಗಳು ಇದನ್ನೇ ಮಾಡಿ ಊರು ಮುಟ್ಟುತ್ತಾರೆ. ಪುಡಿ ಉಬ್ಬಿ ಸಣ್ಣ ತೂತಿನಲ್ಲಿ ಕೂರುತ್ತದೆ. ಆದರೆ ಅದಕ್ಕೆ ಒಳ್ಳೆಯ ತೂತು ಯಾವುದು, ಕೆಟ್ಟ ತೂತು ಯಾವುದು ಅಂತ ಗೊತ್ತಾಗುವುದಿಲ್ಲ. ರೇಡಿಯೇಟರಿನ ಒಳಗಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ.

ಹೆಂಡತಿಯ ಸಲಹೆ ಎಲ್ಲಕ್ಕಿಂತ ಸರಳ. "ಮಾರಿಬಿಡ್ರಿ." 2005ರ ಗಾಡಿ. 2020ರಲ್ಲಿ ಹದಿನೈದು ವರ್ಷ ತುಂಬಿತು ಅಂತ ಆರ್‌ಸಿ ನವೀಕರಿಸಿದಾಗ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಲ್ಲಿ ಅದು 5000 ಆಯಿತು. ಮುಂದಿನ ವರ್ಷ ಮತ್ತೆ ಕಟ್ಟಬೇಕು. ಅವಳ ಲೆಕ್ಕ ತಪ್ಪು ಅಂತ ನಾನು ಹೇಳಿಲ್ಲ. ಸುಮ್ನೆ ಇದ್ದೇನೆ.

ಇರಲಿ. ಹಳೇ ಹುಬ್ಬಳ್ಳಿಯ ಚಾಚಾ ಗ್ಯಾರೇಜಿಗೆ ನಿನ್ನೆ ಸಂಜೆಯೇ ಗಾಡಿ ಬಿಟ್ಟು ಬಂದಿದ್ದೆ. ರಾತ್ರಿಯೆಲ್ಲ ಪೂರ್ತಿ ತಣ್ಣಗಾಗಬೇಕು ಅಂತ ಅವರದೇ ಅಪ್ಪಣೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ನೇರವಾಗಿ ಅಲ್ಲಿಗೆ ಹೋದೆ. ರಂಜಾನ್ ಉಪವಾಸ, ಚಾಚಾ ಸ್ವಲ್ಪ ನಿಧಾನ ಇರಬಹುದು ಅಂದುಕೊಂಡಿದ್ದೆ. ಅವರು ಯಾವಾಗಲೂ ನಿಧಾನವೇ, ಆ ವಿಷಯ ಬೇರೆ. ಕೆಲಸದ ಹುಡುಗ ನನಗೊಬ್ಬನಿಗೇ ಚಹಾ ತಂದಿಟ್ಟ. ಮುಜುಗರವಾಗಿ ಮುಟ್ಟದೆ ಕೂತಿದ್ದೆ. "ಕುಡೀರಿ ಸರ್ರ, ರೋಜಾ ನಂದು, ನಿಮ್ಮದಲ್ಲ" ಎಂದು ನಕ್ಕರು.

ಹೋದ ವಾರವೇ ದೊಡ್ಡ ಭಯಗಳನ್ನು ಅವರು ಕಳೆದಿದ್ದರು. ಎಂಜಿನ್ ಆಯಿಲ್ ಮುಚ್ಚಳ ತೆಗೆದು ತಿರುಗಿಸಿ ನೋಡಿದ್ದರು. ಒಳಗೆ ಬಿಳಿ ಕೆನೆಯಂಥದ್ದು ಕಟ್ಟಿರಲಿಲ್ಲ. ತಣ್ಣಗಿನ ಎಂಜಿನ್ ಚಾಲೂ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತಿದ್ದರು. ಸಿಹಿ ವಾಸನೆಯ ಬಿಳಿ ಹೊಗೆ ಬರಲಿಲ್ಲ. ಹಾಗಾಗಿ ಎಂಜಿನ್ನಿನೊಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಕಡಿಮೆ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒತ್ತಿ ನೋಡಿದರು, ಒಣಗಿತ್ತು. ಹಾಗಾಗಿ ಎಂಜಿನ್ನಿನ ಬಿಸಿ ನೀರೇ ಹರಿಯುವ ಹೀಟರ್ ಅಲ್ಲ. ಹೋಸ್ ಪೈಪುಗಳನ್ನು ಹಿಸುಕಿ, ಕ್ಲ್ಯಾಂಪ್ ಬಿಗಿ ಮಾಡಿ, ರೇಡಿಯೇಟರಿನ ಮುಚ್ಚಳ ಮಾತ್ರ ಬದಲಿಸಿ ಕಳಿಸಿದ್ದರು. ಆದರೂ ನೀರು ಇಳಿಯಿತು.

ಇವತ್ತು ಒಂದು ಕೈಪಂಪು ತೆಗೆದರು, ಮೀಟರ್ ಇರುವಂಥದ್ದು. ರೇಡಿಯೇಟರಿನ ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ ಗಾಳಿ ಹೊಡೆದರು. ಮೀಟರ್ 0.9ಕ್ಕೆ ಬಂದಾಗ ನಿಲ್ಲಿಸಿದರು. ಅದೇ ಅಂಕಿ ಮುಚ್ಚಳದ ಮೇಲೂ ಇದೆ, ನೋಡಿರುತ್ತೀರಿ. ಅಷ್ಟು ಒತ್ತಡದವರೆಗೆ ಮುಚ್ಚಳ ಬಿಗಿಯಾಗಿರುತ್ತದೆ. ಕುಕ್ಕರಿನ ಕೆಲಸವೇ ಇದೂ. ಒತ್ತಡ ಇರುವುದರಿಂದಲೇ ಒಳಗಿನ ನೀರು 100 ಡಿಗ್ರಿಗೆ ಕುದಿಯದೆ 120ರ ಆಸುಪಾಸಿನವರೆಗೂ ತಡೆದುಕೊಳ್ಳುತ್ತದೆ. ಕೂಲಂಟ್, ಅಂದರೆ ನೀರಿಗೆ ಬೆರೆಸುವ ಆ ಹಸಿರು ದ್ರವ, ಬೆರೆತಿದ್ದರೆ ಇನ್ನೂ ಜಾಸ್ತಿ.

"ಈಗ ಕುಂದರ್ರಿ" ಎಂದರು.

"ಎಷ್ಟೊತ್ತು?"

"ಮುಳ್ಳು ಹೇಳೂತನಕ."

ಕೂತೆವು. ಹುಡುಗ ಬೇರೆ ಗಾಡಿಯ ಚಕ್ರ ಬಿಚ್ಚುತ್ತಿದ್ದ. ನಾನು ಮುಳ್ಳನ್ನೇ ನೋಡುತ್ತಿದ್ದೆ, ಚಾಚಾ ರಸ್ತೆ ನೋಡುತ್ತಿದ್ದರು.

"ಚಾಚಾ, ಬಿಸಿ ಇದ್ದಾಗಲ್ವಾ ಜಾಸ್ತಿ ಸೋರಬೇಕು? ಆಗ ನೋಡಿದರೆ ಕಾಣುವುದಿಲ್ವಾ?"

"ಸೋರತೈತ್ರಿ. ಆದ್ರ ಕಾಣಂಗಿಲ್ಲ. ಬಿಸಿ ಎಂಜಿನ್ ಮ್ಯಾಲೆ ಒಂದು ಹನಿ ಬಿದ್ರ ಅಲ್ಲೇ ಸುಟ್ಟು ಹೋಗತೈತಿ. ಮಿಕ್ಕಿದ್ದನ್ನ ಫ್ಯಾನ್ ಗಾಳಿ ಒಣಗಸ್ತೈತಿ. ನೀವು ಮನೀಗ ಹೋಗಿ ರಟ್ಟು ಹಾಸ್ತೀರಿ, ಅಷ್ಟೊತ್ತಿಗೆ ಎಂಜಿನ್ ಆರಿ ಒತ್ತಡನೂ ಇಳದಿರತೈತಿ. ರಟ್ಟಿನ ಮ್ಯಾಲೆ ಏನ್ ಬೀಳಬೇಕು? ಅದಕ್ಕ ತಣ್ಣಗಿದ್ದಾಗ ಬಿಸಿ ಇದ್ದಷ್ಟು ಒತ್ತಡ ಕೊಡೂದು. ಆಗ ನೀರು ನೀರಾಗೇ ಉಳೀತೈತಿ."

ನನಗೆ ಈ ಮಾತು ಬಹಳ ಹಿಡಿಸಿತು. ಒತ್ತಡ ಇದ್ದಾಗ ಶಾಖ ಇರುತ್ತದೆ, ಶಾಖ ಇದ್ದರೆ ಗುರುತು ಅಳಿಯುತ್ತದೆ. ಎರಡನ್ನೂ ಬೇರೆ ಮಾಡಿದರೆ ಮಾತ್ರ ಕಾಣುತ್ತದೆ. ಎಂಟನೇ ತರಗತಿಗೆ ಒತ್ತಡದ ಪಾಠ ಮಾಡುವಾಗ ಇಂಥದ್ದೊಂದು ಉದಾಹರಣೆ ಸಿಗುವುದಿಲ್ಲ ನೋಡಿ. ನಮ್ಮ ವಿಜ್ಞಾನದ ಮೇಷ್ಟ್ರನ್ನು ಕರೆದುಕೊಂಡು ಬರಬೇಕಿತ್ತು.

ಮುಳ್ಳು ಇಳಿಯಿತು. ಇಳಿಯುತ್ತಿರುವುದು ಕಾಣಲಿಲ್ಲ, ಇಳಿದಿದ್ದು ಕಂಡಿತು. ಚಾಚಾ ಎದ್ದು ಟಾರ್ಚ್ ಹಿಡಿದರು, ಇನ್ನೊಂದು ಕೈಯಲ್ಲಿ ಗಡ್ಡ ಕೆರೆಯುವ ಸಣ್ಣ ಕನ್ನಡಿ. ಎಂಜಿನ್ನಿನಲ್ಲಿ ನೀರು ಸುತ್ತಿಸುವ ವಾಟರ್ ಪಂಪ್ ಇದೆಯಲ್ಲ, ಆಲ್ಟರ್ನೇಟರ್ ಬೆಲ್ಟು ತಿರುಗಿಸುವ ಅದರ ಪುಲ್ಲಿಯ ಹಿಂದೆ ಕನ್ನಡಿ ತೂರಿಸಿ ನನ್ನನ್ನು ಕರೆದರು. ಶಾಫ್ಟಿನ ಸುತ್ತ ಹಸಿ. ಪುಲ್ಲಿಗೆ ನೇರವಾಗಿ, ಅಕ್ಕಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಸಾಲಿನಲ್ಲಿ ಸಾಸಿವೆಯಷ್ಟು ಹಸಿರು ಬಿಳಿ ಕಲೆಗಳು. ಪುಲ್ಲಿ ತಿರುಗುವಾಗ ಹನಿಯನ್ನು ಸುತ್ತಲೂ ಎರಚುತ್ತಿತ್ತು. ನೆಲಕ್ಕೆ ಏನೂ ಉಳಿಯುತ್ತಿರಲಿಲ್ಲ. ಬೆಲ್ಟು ಸಡಿಲ ಮಾಡಿ ಪುಲ್ಲಿ ಅಲ್ಲಾಡಿಸಿದರು. ಅಲ್ಲಾಡಿತು. ಬೇರಿಂಗ್ ಹೋಗಿದೆ.

ಪಂಪ್ ಬಿಚ್ಚಬೇಕಾದರೆ ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟು ಬಿಚ್ಚಬೇಕು. ಬಿಚ್ಚಿದರು. ಪಂಪ್ ಹೊರಗೆ ಬಂದಾಗ ಚಾಚಾ ಅದನ್ನು ತಿರುಗಿಸಿ ನೋಡಿ ಸುಮ್ಮನಾದರು. ಆಮೇಲೆ ನನ್ನ ಕೈಗಿಟ್ಟು "ಇದು ಯಾರು ಮಾಡಿದ್ರು?" ಎಂದು ಕೇಳಿದರು.

ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತಿರುತ್ತದಂತೆ. ತಯಾರಿಸುವವರು ಬೇಕಂತಲೇ ಬಿಟ್ಟಿರುವ ತೂತು. ಒಳಗೆ ಒಂದು ಕಡೆ ನೀರು, ಇನ್ನೊಂದು ಕಡೆ ಬೇರಿಂಗ್, ನಡುವೆ ಒಂದು ಸೀಲ್. ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗಬಾರದು, ಈ ತೂತಿನಿಂದ ಹೊರಗೆ ಬಂದು ಮಾಲೀಕನಿಗೆ ಕಾಣಬೇಕು. ನಮ್ಮ ಪಂಪಿನಲ್ಲಿ ಆ ತೂತಿಗೆ ಯಾರೋ ಅಂಟು ತುಂಬಿ, ಕಲ್ಲಿನಂತೆ ಗಟ್ಟಿಯಾಗಲು ಬಿಟ್ಟಿದ್ದರು.

ಎರಡು ವರ್ಷದ ಹಿಂದೆ ಬೇರೆ ಗ್ಯಾರೇಜಿನಲ್ಲಿ ಟೈಮಿಂಗ್ ಬೆಲ್ಟು ಬದಲಿಸಿದ್ದು ನೆನಪಿರಬೇಕು ನಿಮಗೆ, ಆಗಲೂ ಬರೆದಿದ್ದೆ. ಈ ಜಾಗಕ್ಕೆ ಕೈ ಹಾಕಿದ್ದು ಅವರು ಮಾತ್ರ. ಹಸಿ ಕಂಡಿರಬೇಕು. ಪಂಪ್ ಬದಲಿಸಬೇಕು ಅಂತ ಒಂದು ಮಾತು ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನಾ? ಹೊಸ ಪಂಪಿಗೆ ಇವತ್ತು ಕೊಟ್ಟಿದ್ದು ಸಾವಿರದ ಚಿಲ್ಲರೆ. ಬಿಚ್ಚುವ ಕೂಲಿ ಹೇಗೂ ಅವತ್ತೇ ಕೊಟ್ಟಿದ್ದೆ. ಹೇಳುವುದರ ಬದಲು ಹೇಳುವ ಬಾಯಿಗೇ ಅಂಟು ಮೆತ್ತಿದರು. ನೀರು ಬೇರಿಂಗಿನ ಗ್ರೀಸ್ ತೊಳೆದುಕೊಂಡು ಇನ್ನೊಂದು ದಾರಿ ಹುಡುಕಿತು. ಘಾಟಿನಲ್ಲಿ ಪಂಪು ಬಿಗಿಹಿಡಿದು ಬೆಲ್ಟು ಹರಿದಿದ್ದರೆ...

ಸಿಟ್ಟಿನಲ್ಲಿ ನಾನು ಏನೇನೋ ಅಂದೆ. ಚಾಚಾ "ರೋಜಾದಾಗ ನನ್ನ ಕಿವೀಗೆ ಬೈಗುಳ ಹಾಕಬ್ಯಾಡ್ರಿ" ಎಂದರು. ಅಲ್ಲಿಗೆ ಸಿಟ್ಟು ಇಳಿಯಿತು. ಇಳಿಯಲಿಲ್ಲ, ನಗು ಬಂತು.

ಹುಡುಗ ಪಂಪು, ಗ್ಯಾಸ್ಕೆಟ್, ಬೆಲ್ಟು ತರಲು ಹೋದ. ಹಳೆ ಬೆಲ್ಟಿಗೆ ಇನ್ನೂ ಆಯಸ್ಸಿತ್ತು, ಆದರೆ ಕೂಲಂಟಿನಲ್ಲಿ ನೆನೆದ ಬೆಲ್ಟು ಮತ್ತೆ ಹಾಕುವುದಿಲ್ಲ ಅಂತ ಚಾಚಾ ಖಡಾಖಂಡಿತ. ಹುಡುಗ ವಾಪಸ್ ಬರುವಷ್ಟರಲ್ಲಿ ಅವನ ಮೊಬೈಲಿನಲ್ಲಿ ಲೋಕಸಭೆ ಚುನಾವಣೆಯ ದಿನಾಂಕ ಬಂದಿತ್ತು. ಕರ್ನಾಟಕಕ್ಕೆ ಏಪ್ರಿಲ್ 26 ಮತ್ತು ಮೇ 7. ನಮಗೆ ಮೇ 7. ಡ್ಯೂಟಿ ಬರುವುದು ಗ್ಯಾರಂಟಿ. ಯಾವ ಹಳ್ಳಿಯ ಬೂತೋ, ಆ ಬಿಸಿಲಿನಲ್ಲಿ.

ಮುಂದಿನದು ಬೇಗ ಹೇಳುತ್ತೇನೆ. ಹಳೆ ಗ್ಯಾಸ್ಕೆಟ್ ಬ್ಲೇಡಿನಿಂದ ಕೆರೆದು ಹೊಸದು ಕೂರಿಸಿದರು. ಟೈಮಿಂಗ್ ಗುರುತುಗಳನ್ನು ಸರಿಹೊಂದಿಸಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಅಲ್ಲಿಗೇ ಬಂತಾ ಅಂತ ನೋಡಿದರು. ಮತ್ತೆ ಕೈಪಂಪು. ಈ ಸಲ ಮುಳ್ಳು ಕದಲಲಿಲ್ಲ. ಕೂಲಂಟಿಗೆ ಬೆರೆಸಲು ಮನೆಯ ಬೋರಿನ ನೀರು ಬಾಟಲಿಯಲ್ಲಿ ಒಯ್ದಿದ್ದೆ, ಅದನ್ನು ವಾಪಸ್ ಕೊಟ್ಟರು. "ನಿಮ್ಮ ಮನಿ ಬಕೀಟು ನೋಡ್ರಿ, ಹೆಂಗ್ ಬೆಳ್ಳಗಾಗೇತಿ. ಹಂಗ ಒಳಗೂ ಆಗತೈತಿ." ಡಿಸ್ಟಿಲ್ಡ್ ವಾಟರ್, ಕೂಲಂಟ್, ಎರಡೂ ಅರ್ಧರ್ಧ. ನಳದ ನೀರಿಗೆ ದಿನಗಟ್ಟಲೆ ಕಾಯುವ ಊರಿನಲ್ಲಿ ಕಾರಿಗೆ ಕೊಂಡ ನೀರು!

ಹಳೆ ಕೂಲಂಟನ್ನು ಮಾತ್ರ ಗಟಾರಕ್ಕೆ ಚೆಲ್ಲಲು ಬಿಡಲಿಲ್ಲ. ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದರು. ಸಿಹಿ ಇರುತ್ತದೆ, ನಾಯಿಗಳು ನೆಕ್ಕುತ್ತವೆ, ಕಿಡ್ನಿ ಹೋಗಿ ಸಾಯುತ್ತವೆ. ನನ್ನ ಎದೆ ಧಸಕ್ ಅಂದಿತು. ನಮ್ಮ ಕಾರಿನ ಕೆಳಗೆ ಮಲಗುವ ಕರಿ ನಾಯಿ ಇದೆಯಲ್ಲ, ಮಗಳು ರೊಟ್ಟಿ ಹಾಕುವುದು. ನೆಲಕ್ಕೆ ಹನಿ ಬೀಳುತ್ತಿಲ್ಲ ಅಂತ ಎರಡು ತಿಂಗಳು ನಾನು ಚಡಪಡಿಸಿದ್ದೇನೆ. ಬೀಳದೇ ಇದ್ದದ್ದೇ ಅದರ ಪುಣ್ಯ. ಮಗಳಿಗೆ ಹೇಳಲೋ ಬೇಡವೋ ಗೊತ್ತಾಗುತ್ತಿಲ್ಲ. ಹೇಳಿದರೆ ನಾಳೆಯಿಂದ ಅವಳು ಬಾನೆಟ್ ಎತ್ತಿಸದೆ ಶಾಲೆಗೆ ಹೋಗುವುದಿಲ್ಲ.

ಕೊನೆಗೆ ಮುಚ್ಚಳ ತೆಗೆದಿಟ್ಟು, ಹೀಟರ್ ಫುಲ್ ಇಟ್ಟು ಎಂಜಿನ್ ಓಡಿಸಿದರು. ಒಳಗಿನ ಗಾಳಿ ಗುಳುಗುಳು ಬರುತ್ತಿತ್ತು. ಗುಳುಗುಳು ನಿಂತ ಮೇಲೆ ಇನ್ನಷ್ಟು ಸುರಿದು ಮುಚ್ಚಳ ಹಾಕಿದರು. ಫ್ಯಾನ್ ಒಂದು ಸಲ ಓಡಿ ನಿಂತಿತು. ಉಪವಾಸ ಬಿಡುವ ಹೊತ್ತು ಹತ್ತಿರ ಬಂದಿತ್ತು. ಹಣ ಎಣಿಸಲೂ ಇಲ್ಲ, ಜೇಬಿಗಿಟ್ಟು ಕೈ ತೊಳೆಯಲು ಹೋದರು.

"ಎರಡು ದಿನ ಡಬ್ಬಿಯೊಳಗ ಸ್ವಲ್ಪ ಇಳೀತೈತಿ, ಗಾಬರಿ ಆಗಬ್ಯಾಡ್ರಿ. ಉಳಿದ ಗಾಳಿ ಹೊರಗ ಬರತೈತಿ ಅಷ್ಟ."

ಸ್ವಲ್ಪ ಅಂದರೆ ಎಷ್ಟು ಅಂತ ಕೇಳಿದೆ. ಒಂದು ಬೆರಳು ಅಡ್ಡ ಹಿಡಿದು ತೋರಿಸಿದರು. ಚಾಚಾ ಬೆರಳು ನನ್ನ ಎರಡು ಬೆರಳಿನಷ್ಟು ದಪ್ಪ. ಹಾಗಾದರೆ ಯಾರ ಬೆರಳಿನ ಲೆಕ್ಕ ಹಿಡಿಯುವುದು? ಒಂದೂವರೆ ಬೆರಳು ಇಳಿದರೆ ಅದು ಗಾಳಿಯೋ ಸೋರಿಕೆಯೋ?

ಪೆನ್ನಿನಿಂದ ಡಬ್ಬಿಗೆ ಗುರುತು ಹಾಕಿ ಬಂದೆ. ಒಳಗೆ ಬಂದು ನೋಡಿದರೆ ಹೆಂಡತಿ ಮೊಬೈಲಿನಲ್ಲಿ ಅಂಕೋಲೆ ಬಸ್ಸಿನ ಸೀಟು ನೋಡುತ್ತಿದ್ದಾಳೆ. ಪಂಪಿನ ಕಥೆ ಪೂರ್ತಿ ಹೇಳಿದೆ, ತೂತಿನದೂ ಸೇರಿಸಿ. ಕೇಳಿಸಿಕೊಂಡಳು. "ಬೆಲ್ಟು, ಪಂಪು ಎರಡೂ ಹೊಸವಾ? ಹಂಗಾದ್ರ ಈಗ ಮಾರಿದ್ರ ರೇಟ್ ಚಲೋ ಬರತೈತಿ ಅಲ್ರಿ" ಎಂದಳು. ಇದಕ್ಕೆ ಏನು ಹೇಳಬೇಕೋ