ಬುಟ್ಟಿಯ ತೂಕ ನೋಡಿ ಬಳಚಿನ ಲೆಕ್ಕ ಹಾಕಬೇಡಿ

ಉತ್ತರ ಕನ್ನಡದ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಬಳಚಿನ, ಅಂದರೆ ಮರಳಿನಲ್ಲಿ ಹುದುಗಿ ಬದುಕುವ, ತಿನ್ನುವ ಚಿಪ್ಪುಜೀವಿಯ, ಸರ್ವೆ ಮಾಡುವುದು ನನ್ನ ಕೆಲಸ. ಇಳಿತಕ್ಕೆ ಮರಳುದಿಬ್ಬ ತೆರೆದುಕೊಂಡಾಗ ಚೌಕಟ್ಟು ಇಟ್ಟು, ಅದರೊಳಗಿನ ಮರಳು ಬಗೆದು ಜರಡಿ ಹಿಡಿಯುತ್ತೇವೆ. ಸಿಕ್ಕ ಪ್ರತಿ ಚಿಪ್ಪಿನ ಉದ್ದ ಅಳೆಯುತ್ತೇವೆ.

ಹೊಸಬರು ಮೊದಲು ನೋಡುವುದು ಹೆಕ್ಕುವವರ ಬುಟ್ಟಿ. ಅದು ತುಂಬಿದ್ದರೆ ಎಲ್ಲಾ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಆದರೆ ಬುಟ್ಟಿಯಲ್ಲಿರುವುದು ಹಿಂದಿನ ಹಂಗಾಮುಗಳಲ್ಲಿ ನೆಲಕ್ಕಿಳಿದು ಬದುಕಿ ಉಳಿದ ಬಳಚು. ಈ ಸಲ ಮರಿ ಕೂರದಿದ್ದರೂ ಬುಟ್ಟಿ ಸ್ವಲ್ಪ ಕಾಲ ತುಂಬುತ್ತಲೇ ಇರುತ್ತದೆ. ಅದಕ್ಕೇ ನಾನು ಸಣ್ಣ ಕಣ್ಣಿನ ಜರಡಿಗೆ ಇಷ್ಟು ಹಠ ಮಾಡುವುದು. ಕೆಲಸ ನಿಧಾನ, ಸೊಂಟ ನೋವು ಜಾಸ್ತಿ. ಆದರೂ ಕಾಳಿನಷ್ಟು ಚಿಕ್ಕ ಮರಿಗಳನ್ನು ಬಿಟ್ಟು ಮಾಡಿದ ಲೆಕ್ಕ ನನಗೆ ಬೇಡ.

ಅಳತೆಗಳನ್ನು ಸೈಜಿನ ಪ್ರಕಾರ ಗ್ರಾಫಿಗೆ ಹಾಕಿದರೆ ಒಂದೊಂದು ಪೀಳಿಗೆ ಒಂದೊಂದು ದಿಬ್ಬವಾಗಿ ಕಾಣುತ್ತದೆ. ತಿಂಗಳು ಕಳೆದಂತೆ ದಿಬ್ಬ ದೊಡ್ಡ ಸೈಜಿನ ಕಡೆ ಸರಿದರೆ ಬಳಚು ಬೆಳೆಯುತ್ತಿದೆ ಎಂದರ್ಥ. ದಿಬ್ಬ ತಗ್ಗುತ್ತಾ ಹೋದರೆ ಸಾವೋ, ಹೆಕ್ಕುವಿಕೆಯೋ ಹುಡುಕಬೇಕು. ಇಲ್ಲಿ ಖಾಲಿ ಚಿಪ್ಪು ಸಹಾಯಕ್ಕೆ ಬರುತ್ತದೆ. ಎರಡು ಭಾಗ ಇನ್ನೂ ಅಂಟಿಕೊಂಡಿದ್ದರೆ ಅದು ಈಚೆಗೆ ಸತ್ತದ್ದು. ಅಂಥವನ್ನು ಸುಮ್ನೆ ಎಸೆಯಬೇಡಿ, ಬೇರೆ ಎಣಿಸಿ.

ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಉಪ್ಪಿನಂಶ ಕುಸಿದಾಗ ಕೆಲವು ಜಾತಿಗಳು ರಾಶಿ ರಾಶಿ ಸಾಯುತ್ತವೆ. ಅದು ಪ್ರತಿ ವರ್ಷದ ಕಥೆ, ಮಳೆ ನಿಂತ ಮೇಲೆ ಉಪ್ಪು ಮರಳುತ್ತದೆ, ಮರಿಗಳೂ ಬರುತ್ತವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದ್ದರಿಂದ ಈ ಚಕ್ರ ಉಳಿದಿದೆ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ಉತ್ಪಾದನೆಯ ನೀರು ವರ್ಷವಿಡೀ ಹರಿದು ಅಳಿವೆಯ ಉಪ್ಪು ಇಳಿಯಿತು. ಉಪ್ಪು ಬೇಕಾದ ಚಿಪ್ಪು ಜಾತಿಗಳು ಅಲ್ಲಿ ಬಹಳ ಕಮ್ಮಿಯಾದವು. ಹೆಕ್ಕುವುದನ್ನು ನಿಲ್ಲಿಸಿದರೂ ಅಂಥ ಕಡೆ ಬಳಚು ವಾಪಸ್ ಬರುವುದಿಲ್ಲ, ಅಲ್ವಾ?

ಹೆಕ್ಕುವುದೇ ಜಾಸ್ತಿಯಾದ ಕಡೆ ಮಾತ್ರ ದಾರಿ ಇದೆ. ಕೇರಳದ ಅಷ್ಟಮುಡಿ ಸರೋವರದಲ್ಲಿ 1990ರ ದಶಕದಲ್ಲಿ ಬಳಚು ಕುಸಿದಾಗ ಡಿಸೆಂಬರಿನಿಂದ ಫೆಬ್ರವರಿವರೆಗೆ, ಮರಿಯಾಗುವ ಕಾಲದಲ್ಲಿ, ಹೆಕ್ಕುವುದನ್ನು ನಿಲ್ಲಿಸಿದರು. ಸಣ್ಣವು ಜಾರಿ ಹೋಗುವಂತೆ ಬಲೆಯ ಕಣ್ಣಿಗೂ ಅಳತೆ ಇಟ್ಟರು. 2014ರಲ್ಲಿ ಅದು ಸುಸ್ಥಿರ ಮೀನುಗಾರಿಕೆಯ ಅಂತಾರಾಷ್ಟ್ರೀಯ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆಯಾಯಿತು.

ನಮ್ಮಲ್ಲಿ ಹೆಕ್ಕುವ ಹೆಂಗಸರಿಗೆ ಮರಿ ಎಲ್ಲಿ ಕೂತಿದೆ ಎಂದು ಕಾಲಿಗೇ ಗೊತ್ತಾಗುತ್ತದೆ. "ಈ ಬದಿ ಸಣ್ಣದೇ ಕಾಣ್ತಿಲ್ಲ ತಂಗಿ" ಎಂದು ಅವರು ಹೇಳಿದರೆ ಮುಂದಿನ ಇಳಿತಕ್ಕೆ ಚೌಕಟ್ಟು ಅಲ್ಲೇ ಇಡುತ್ತೇನೆ. ಸರ್ವೆ ಫಾರಂನಲ್ಲಿ ಅವರ ಮಾತಿಗೆ ಒಂದು ಕಾಲಂ ಕೂಡ ಇಟ್ಟಿದ್ದೇವೆ.